ಸಾಕೆ ಮತ್ತು ಊಟ: ಬಾಟಲಿ ಬದಲಿಸುವ ಮುಂಚೆ ಬಿಸಿ ಬದಲಿಸಿ ನೋಡಿ

ಪ್ರಶ್ನೆ: ಜಪಾನಿನ ಕೋಬೆಗೆ ಕೆಲಸಕ್ಕೆ ಬಂದು ಎರಡು ವರ್ಷ ಆಯಿತು. ಆಫೀಸಿನವರ ಜೊತೆ ಇಜಾಕಯಾಗೆ (ಕುಡಿಯುತ್ತ ಊಟ ಮಾಡುವ ಹೋಟೆಲು) ಹೋದಾಗ ಸಾಕೆ, ಅಂದರೆ ಜಪಾನಿನ ಅಕ್ಕಿಯ ಮದ್ಯ, ಕುಡಿದಿದ್ದೇನೆ. ಒಂದು ಕಡೆ ಬಿಸಿ ಬಿಸಿಯಾಗಿ ಕೊಟ್ಟರು, ಘಾಟು ಮೂಗಿಗೆ ಹೊಡೆಯಿತು. ಇನ್ನೊಂದು ಕಡೆ ತಣ್ಣಗಿತ್ತು, ಸೇಬಿನ ಪರಿಮಳ ಬರುತ್ತಿತ್ತು. ಎರಡೂ ಅಕ್ಕಿಯದ್ದೇ ಎಂದರೆ ನಂಬಲು ಆಗಲಿಲ್ಲ. ಮುಂದಿನ ತಿಂಗಳು ನಾಲ್ಕು ಜನ ಸಹೋದ್ಯೋಗಿಗಳನ್ನು ಮನೆಗೆ ಊಟಕ್ಕೆ ಕರೆದಿದ್ದೇವೆ. ನನ್ನ ಹೆಂಡತಿ ಸಸ್ಯಾಹಾರಿ. 6000 ಯೆನ್ ಕೊಟ್ಟು ಒಂದು ದಾಯ್ಗಿಂಜೊ, ಅಂದರೆ ಮೇಲಿನ ದರ್ಜೆಯ ಸಾಕೆ, ತಂದಿಟ್ಟಿದ್ದೇನೆ. ಇಡೀ ಊಟಕ್ಕೆ ಅದೊಂದೇ ಸಾಲುತ್ತದೆಯೇ? ಸಾಕೆಯ ರುಚಿ ನೋಡುವುದು ಹೇಗೆ? ಯಾವ ಅಡುಗೆಗೆ ಯಾವುದು ಹೊಂದುತ್ತದೆ?

ಉತ್ತರ: ದಾಯ್ಗಿಂಜೊ ಒಳ್ಳೆಯದೇ. ಆದರೆ ಇಡೀ ಊಟಕ್ಕೆ ಅದೊಂದನ್ನೇ ಇಡಬೇಡಿ. ಮೊದಲ ಅರ್ಧ ಗಂಟೆ ಅದು ತುಂಬ ಚೆನ್ನಾಗಿರುತ್ತದೆ. ಆಮೇಲೆ ಸೋಯಾ ಸಾಸ್, ಮಿಸೊ (ಸೋಯಾ ಕಾಳು ಹುದುಗಿಸಿದ ಮುದ್ದೆ), ಎಣ್ಣೆಯಲ್ಲಿ ಕರಿದದ್ದು ತಟ್ಟೆಗೆ ಬಂದರೆ ಅದರ ಪರಿಮಳವನ್ನು ಹುಡುಕಬೇಕಾಗುತ್ತದೆ. ಜೊತೆಗೆ 1500 ಯೆನ್ ಆಸುಪಾಸಿನ ಒಂದು ಜುನ್ಮಾಯ್, ಅಂದರೆ ಹೊರಗಿನಿಂದ ಮದ್ಯ ಸೇರಿಸದ ಸಾಕೆ, ತನ್ನಿ. ಊಟದ ಹೆಚ್ಚಿನ ಭಾರ ಹೊರುವುದು ಅದೇ.

ನಾನು 12 ವರ್ಷ ಸಾಕೆ ಅಂಗಡಿಯಲ್ಲಿ ಕೆಲಸ ಮಾಡಿದ್ದೇನೆ. ಜನ ಮೊದಲು ನೋಡುವುದು ಬೆಲೆ, ಆಮೇಲೆ ದರ್ಜೆ. ಬಿಸಿಯನ್ನು ಯಾರೂ ಕೇಳುವುದಿಲ್ಲ. ಊಟದ ಜೊತೆ ಸಾಕೆ ಕೂಡುತ್ತದೋ ಇಲ್ಲವೋ ಅನ್ನುವುದು ಮುಕ್ಕಾಲು ಪಾಲು ಬಿಸಿಯ ಮೇಲೆ ನಿಂತಿದೆ. ಇದನ್ನು ನಾನು ಗಟ್ಟಿಯಾಗಿ ನಂಬಿದ್ದೇನೆ.

ಮೊದಲು ನಿಮ್ಮ ಅನುಮಾನ ಬಗೆಹರಿಸೋಣ. ಜಪಾನಿಯಲ್ಲಿ ಸಾಕೆ ಎಂದರೆ ಮದ್ಯ, ಯಾವುದಾದರೂ ಸರಿ. ನಾವು ಮಾತಾಡುತ್ತಿರುವುದಕ್ಕೆ ಅಲ್ಲಿ ನಿಹೊನ್ಶು ಎನ್ನುತ್ತಾರೆ. ಅಂಗಡಿಯಲ್ಲಿ ಆ ಹೆಸರಿನಲ್ಲೇ ಕೇಳಿ. ದ್ರಾಕ್ಷಿಯಲ್ಲಿ ಸಕ್ಕರೆ ಇದೆ, ಹುದುಗು ಬಂದರೆ ವೈನ್ ಆಗುತ್ತದೆ. ಅಕ್ಕಿಯಲ್ಲಿ ಇರುವುದು ಪಿಷ್ಟ. ಅದನ್ನು ಸಕ್ಕರೆ ಮಾಡಲು ಬೇಯಿಸಿದ ಅಕ್ಕಿಯ ಮೇಲೆ ಕೋಜಿ ಎಂಬ ಬೂಷ್ಟು ಬೆಳೆಸುತ್ತಾರೆ. ಸೋಯಾ ಸಾಸ್‌ಗೂ ಮಿಸೊಗೂ ಬೇಕಾದದ್ದು ಇದೇ ಕೋಜಿ. ಅದಕ್ಕೇ ಆ ರುಚಿಗಳು ಸಾಕೆಗೆ ನೆಂಟರ ಹಾಗೆ ಹೊಂದುತ್ತವೆ. ಒಂದೇ ತೊಟ್ಟಿಯಲ್ಲಿ ಕೋಜಿ ಪಿಷ್ಟವನ್ನು ಸಕ್ಕರೆ ಮಾಡುತ್ತಿರುತ್ತದೆ, ಯೀಸ್ಟ್ ಆ ಸಕ್ಕರೆಯನ್ನು ಮದ್ಯ ಮಾಡುತ್ತಿರುತ್ತದೆ. ಎರಡೂ ಒಟ್ಟಿಗೇ ನಡೆಯುವುದರಿಂದ ಮದ್ಯದ ಅಂಶ 18-20% ತನಕ ಏರುತ್ತದೆ. ಸಾಮಾನ್ಯವಾಗಿ ನೀರು ಬೆರೆಸಿ 15-16%ಗೆ ಇಳಿಸುತ್ತಾರೆ. ನೀರು ಬೆರೆಸದೆ ಬಿಟ್ಟರೆ ಅದು ಗೆನ್ಶು. ಸಾಕೆ ಮಾಡುವ ಈ ಕಸುಬು 2024ರ ಡಿಸೆಂಬರ್‌ನಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು.

ಇನ್ನು ಸೇಬಿನ ಪರಿಮಳ. ಅದರಲ್ಲಿ ಯಾವ ಹಣ್ಣೂ ಇಲ್ಲ. ನಾವು ಊಟ ಮಾಡುವ ಬಿಳಿ ಅಕ್ಕಿಯಲ್ಲಿ ಮಿಲ್ಲಿನವರು ತೌಡು ಎಂದು ತೆಗೆಯುವುದು ಸುಮಾರು 10% ಮಾತ್ರ. ಸಾಕೆಯವರು ಇನ್ನೂ ಪಾಲಿಶ್ ಮಾಡುತ್ತಲೇ ಹೋಗುತ್ತಾರೆ. ಕಾಳಿನ 60% ಅಥವಾ ಅದಕ್ಕಿಂತ ಕಡಿಮೆ ಉಳಿದರೆ ಗಿಂಜೊ, 50% ಅಥವಾ ಕಡಿಮೆ ಉಳಿದರೆ ದಾಯ್ಗಿಂಜೊ. ಯಾಮಾಗುಚಿಯ ದಸ್ಸಾಯ್ ಸಾಕೆಯ ಹೆಸರಿನಲ್ಲಿ 23 ಎಂಬ ಅಂಕೆ ನೋಡಿರುತ್ತೀರಿ. ಕಾಳಿನ 23% ಮಾತ್ರ ಉಳಿಸಿಕೊಂಡಿದ್ದಾರೆ ಎಂದು ಅರ್ಥ. ಅಕ್ಕಿಯ ಹೊರಪದರದಲ್ಲಿ ಪ್ರೋಟೀನ್ ಮತ್ತು ಕೊಬ್ಬು ಇರುತ್ತವೆ. ಅವು ಹೋದ ಮೇಲೆ ಸುಮಾರು 10 ಡಿಗ್ರಿ ತಂಪಿನಲ್ಲಿ ನಿಧಾನವಾಗಿ ಹುದುಗಿಸಿದರೆ ಯೀಸ್ಟ್ ಸೇಬು, ಬಾಳೆಹಣ್ಣಿನ ಪರಿಮಳ ಬಿಡುತ್ತದೆ. ಸೇಬಿನದ್ದು ಈಥೈಲ್ ಕ್ಯಾಪ್ರೊಯೇಟ್, ಬಾಳೆಹಣ್ಣಿನದ್ದು ಐಸೊಅಮೈಲ್ ಅಸಿಟೇಟ್.

ಆದರೆ ಹೊರಪದರದ ಜೊತೆ ಇನ್ನೊಂದೂ ಹೋಗುತ್ತದೆ. ಆ ಪ್ರೋಟೀನಿನಿಂದಲೇ ಅಮೈನೊ ಆಮ್ಲಗಳು ಹುಟ್ಟುವುದು. ಅವೇ ಸಾಕೆಗೆ ಉಮಾಮಿ, ಅಂದರೆ ಸಾರಿನಂಥ ಮೈತುಂಬಿದ ರುಚಿ, ಕೊಡುವುದು. ಪಾಲಿಶ್ ಜಾಸ್ತಿ ಆದಷ್ಟೂ ಪರಿಮಳ ಏರುತ್ತದೆ, ಊಟವನ್ನು ಹಿಡಿದುಕೊಳ್ಳುವ ಶಕ್ತಿ ಇಳಿಯುತ್ತದೆ. ದಾಯ್ಗಿಂಜೊ ಬೆಳೆದದ್ದೇ ಸ್ಪರ್ಧೆಗಳಿಗಾಗಿ. ಜಪಾನಿನ ರಾಷ್ಟ್ರೀಯ ಹೊಸ ಸಾಕೆ ಸ್ಪರ್ಧೆ 1911ರಲ್ಲಿ ಶುರುವಾಯಿತು. ಅಲ್ಲಿ ತೀರ್ಪುಗಾರರು ಒಂದೊಂದು ಗುಟುಕು ಬಾಯಲ್ಲಿಟ್ಟು ಉಗಿಯುತ್ತಾರೆ, ಊಟ ಮಾಡುವುದಿಲ್ಲ. ಹಾಗಾಗಿ ದುಬಾರಿ ಸಾಕೆ ಊಟಕ್ಕೂ ಉತ್ತಮ ಎನ್ನುವ ಲೆಕ್ಕ ಸರಿ ಬರುವುದಿಲ್ಲ.

ಜುನ್ಮಾಯ್ ಎಂದರೆ ಅಕ್ಕಿ, ನೀರು, ಕೋಜಿ, ಯೀಸ್ಟ್ ಬಿಟ್ಟು ಬೇರೇನೂ ಇಲ್ಲದ್ದು. 2004ರಿಂದ ಇದಕ್ಕೆ ಪಾಲಿಶ್‌ನ ಮಿತಿಯೂ ಇಲ್ಲ. ಕೊನೆಯಲ್ಲಿ ಸ್ವಲ್ಪ ಶುದ್ಧ ಮದ್ಯ ಸೇರಿಸಿದರೆ ಹೊಂಜೋಜೊ. ಮದ್ಯ ಸೇರಿಸಿದ್ದೆಲ್ಲ ಕಲಬೆರಕೆ ಎಂದು ತಿಳಿಯಬೇಡಿ. ಪರಿಮಳವನ್ನು ಎಳೆದು ತರಲು, ಗುಟುಕನ್ನು ಹಗುರ ಮಾಡಲು ಒಳ್ಳೆಯ ಕಾರ್ಖಾನೆಗಳೂ ಹಾಗೆ ಮಾಡುತ್ತವೆ. ಈ ಯಾವ ದರ್ಜೆಗೂ ಸೇರದ್ದು ಫುತ್ಸುಶು, ದಿನಬಳಕೆಯದ್ದು. ನಿಮ್ಮ ಮೂಗಿಗೆ ಹೊಡೆದದ್ದು ಬಹುಶಃ ಅದೇ, 55 ಡಿಗ್ರಿಗಿಂತ ಮೇಲೆ ಕಾಯಿಸಿದ್ದು. ಅಷ್ಟು ಬಿಸಿಯಲ್ಲಿ ಮದ್ಯದ ಆವಿ ಮುಂದೆ ಬರುತ್ತದೆ, ಬೇರೆ ಎಲ್ಲ ಹಿಂದೆ ಸರಿಯುತ್ತದೆ. ಅದೇ ಸಾಕೆಯನ್ನು 45ರಲ್ಲಿ ಕೊಟ್ಟಿದ್ದರೆ ನಿಮಗೆ ಹಿಡಿಸುತ್ತಿತ್ತೇನೋ.

ರುಚಿ ನೋಡುವ ಬಗೆ ಸುಲಭ. ಸಾಕೆ ಮಾಡುವವರು ಬಳಸುವ ಬಿಳಿ ಪಿಂಗಾಣಿ ಬಟ್ಟಲಿನ ತಳದಲ್ಲಿ ಎರಡು ನೀಲಿ ವೃತ್ತ ಇರುತ್ತವೆ. ಬಿಳಿಯ ಮೇಲೆ ಬಣ್ಣ ನೋಡುತ್ತಾರೆ, ನೀಲಿ ಅಂಚಿನ ಮೇಲೆ ತಿಳಿ ಎಷ್ಟಿದೆ ನೋಡುತ್ತಾರೆ. ಮನೆಯಲ್ಲಿ ಒಂದು ಬಿಳಿ ಬಟ್ಟಲು ಸಾಕು. ಪರಿಮಳದ ಸಾಕೆಗೆ ವೈನ್ ಗ್ಲಾಸ್ ಒಳ್ಳೆಯದು. ಮೊದಲು ಮೂಸಿ. ಆಮೇಲೆ ಒಂದು ಚಮಚದಷ್ಟು ಬಾಯಿಗೆ ಹಾಕಿಕೊಂಡು ನಾಲಿಗೆ ಮೇಲೆಲ್ಲ ಹರಡಿ, ಸ್ವಲ್ಪ ಗಾಳಿ ಎಳೆದುಕೊಳ್ಳಿ. ಮೂಗಿನಿಂದ ಉಸಿರು ಬಿಟ್ಟಾಗ ಎರಡನೆಯ ಪರಿಮಳ ಒಂದು ಬರುತ್ತದೆ. ಬಟ್ಟಲಿನಿಂದ ಬಂದದ್ದಕ್ಕಿಂತ ಅದು ಬೇರೆ ಇರುತ್ತದೆ. ಊಟದ ಜೊತೆ ಉಳಿಯುವುದು ಅದೇ.

ಎರಡು ಮಾತು ಕಲಿತುಕೊಳ್ಳಿ: ಕೊಕು ಮತ್ತು ಕಿರೆ. ಕೊಕು ಎಂದರೆ ಬಾಯಿ ತುಂಬುವ ಗುಣ, ಚೆನ್ನಾಗಿ ಕುದಿಸಿದ ಸಾರಿನಲ್ಲಿ ಇರುತ್ತದಲ್ಲ, ಆ ಥರದ್ದು. ಕಿರೆ ಎಂದರೆ ನುಂಗಿದ ಮೇಲೆ ರುಚಿ ಪಟ್ಟನೆ ಕಡಿದು ಹೋಗುವುದು, ಬಾಯಿ ಮುಂದಿನ ತುತ್ತಿಗೆ ಚೊಕ್ಕಟವಾಗುವುದು. ಜಪಾನಿಯರು ಕಿರೆಗೆ ಬಹಳ ಬೆಲೆ ಕೊಡುತ್ತಾರೆ. ಇಡೀ ಊಟದ ಜೊತೆ ಕುಡಿಯುವ ಸಾಕೆಗೆ ಕೊಕು ಸ್ವಲ್ಪ ಕಡಿಮೆ ಇದ್ದರೂ ನಡೆಯುತ್ತದೆ. ಕಿರೆ ಇಲ್ಲದಿದ್ದರೆ ಮೂರನೆಯ ಗುಟುಕಿಗೇ ಬೇಜಾರು ಬರುತ್ತದೆ.

ಲೇಬಲ್ ಮೇಲೆ +5, -3 ಎಂಬ ಅಂಕೆ ಇರುತ್ತದೆ. ಪ್ಲಸ್ ಇದ್ದರೆ ಸಿಹಿ ಕಡಿಮೆ, ಮೈನಸ್ ಇದ್ದರೆ ಸಿಹಿ ಜಾಸ್ತಿ. ಅದೊಂದನ್ನೇ ನಂಬಿ ಕೊಳ್ಳಬೇಡಿ. ಹುಳಿ ಜಾಸ್ತಿ ಇದ್ದರೆ ಮೈನಸ್ ಸಾಕೆಯೂ ಸಿಹಿ ಅನ್ನಿಸುವುದಿಲ್ಲ.

ಈಗ ಬಿಸಿಯ ವಿಷಯ. ಜಪಾನಿಯರು ಇದಕ್ಕೆ ಐದೈದು ಡಿಗ್ರಿಗೆ ಒಂದು ಹೆಸರು ಇಟ್ಟಿದ್ದಾರೆ. 5 ಡಿಗ್ರಿ ಹಿಮದ ತಂಪು, 10 ಹೂವಿನ ತಂಪು. 30 ಬಿಸಿಲಿನ ಬೆಚ್ಚಗೆ, 35 ಮೈಯ ಬೆಚ್ಚಗೆ. 40 ನುರುಕಾನ್, 45 ಜೋಕಾನ್, 50 ಆತ್ಸುಕಾನ್. ಇವು ಸುಮ್ನೆ ಚೆಂದಕ್ಕೆ ಇಟ್ಟ ಹೆಸರುಗಳಲ್ಲ. ಸಾಕೆಯಲ್ಲಿ ಹಲವು ಥರದ ಹುಳಿ ಇದೆ. ಸೇಬಿನಲ್ಲಿರುವ ಮ್ಯಾಲಿಕ್ ಆಮ್ಲ ತಣ್ಣಗಿದ್ದರೆ ಚುರುಕು. ಮೊಸರಿನಲ್ಲಿರುವ ಲ್ಯಾಕ್ಟಿಕ್ ಆಮ್ಲ ಮತ್ತು ಸಕ್ಸಿನಿಕ್ ಆಮ್ಲ ಬೆಚ್ಚಗಾದಾಗ ಮೆತ್ತಗಾಗಿ ರುಚಿ ಬಿಡುತ್ತವೆ. ಸಿಹಿ ಮತ್ತು ಉಮಾಮಿ ಕೂಡ ಬೆಚ್ಚಗಾದರೆ ನಾಲಿಗೆಗೆ ಹೆಚ್ಚು ಗೊತ್ತಾಗುತ್ತವೆ. ಹಾಗಾಗಿ ಸೇಬಿನ ಪರಿಮಳದ ದಾಯ್ಗಿಂಜೊಗೆ 10-12 ಡಿಗ್ರಿ, ಕೊಕು ಇರುವ ಜುನ್ಮಾಯ್‌ಗೆ 40-45.

ಊಟಕ್ಕೆ ಒಂದು ವಾರ ಮುಂಚೆ ನೀವಿಬ್ಬರೂ ಇದನ್ನು ಮಾಡಿ ನೋಡಿ. ಒಂದು ಜುನ್ಮಾಯ್ ಬಾಟಲಿ, ಮೂರು ಬಟ್ಟಲು. ಒಂದು ಫ್ರಿಜ್ಜಿನಿಂದ ತೆಗೆದದ್ದು, ಒಂದು ಮನೆಯ ಹದದಲ್ಲಿ ಬಿಟ್ಟದ್ದು, ಒಂದು 45 ಡಿಗ್ರಿಗೆ ಕಾಯಿಸಿದ್ದು. ತಿನ್ನಲು ಉಪ್ಪು ಸವರಿದ ಸೌತೆಕಾಯಿ, ಸೋಯಾ ಸಾಸ್ ಹಾಕಿದ ತಣ್ಣನೆ ತೋಫು, ಮಿಸೊ ಸವರಿ ಸುಟ್ಟ ಬದನೆಕಾಯಿ. ಒಂದು ತುತ್ತು, ಒಂದು ಗುಟುಕು. ಸೌತೆಕಾಯಿಗೆ ತಣ್ಣನೆಯದು ಹೊಂದುತ್ತದೆ. ಬದನೆಕಾಯಿಯ ಜೊತೆ ಅದೇ ತಣ್ಣನೆ ಸಾಕೆ ತೆಳ್ಳಗೆ, ನೀರು ನೀರಾಗಿ ಕಾಣುತ್ತದೆ. ಬಿಸಿಯದ್ದು ತಗೊಂಡರೆ ಮಿಸೊದ ಸಿಹಿ ಮತ್ತು ಬದನೆಕಾಯಿಯ ಎಣ್ಣೆ ಎರಡೂ ಅದರಲ್ಲಿ ಕರಗಿಹೋಗುತ್ತವೆ. ಬಾಟಲಿ ಒಂದೇ, ನಿಮಗೆ ಸಿಕ್ಕಿದ್ದು ಮೂರು ಸಾಕೆ. ಈ ಒಂದು ಸಂಜೆ ಕಲಿಸುವುದನ್ನು ಹತ್ತು ದುಬಾರಿ ಬಾಟಲಿ ಕಲಿಸುವುದಿಲ್ಲ.

ಕಾಯಿಸುವುದು ಹೀಗೆ. ಪಾತ್ರೆಯಲ್ಲಿ ನೀರು ಕುದಿಸಿ ಒಲೆ ಆರಿಸಿ. ತೊಕ್ಕುರಿಗೆ, ಅಂದರೆ ಆ ಕಿರುಕತ್ತಿನ ಹೂಜಿಗೆ, ಸಾಕೆ ತುಂಬಿ ಕತ್ತಿನ ತನಕ ಆ ನೀರಲ್ಲಿ ಇಳಿಸಿ. ಎರಡು ಮೂರು ನಿಮಿಷ ಸಾಕು. ತೆಗೆದು ತಳ ಮುಟ್ಟಿ ನೋಡಿ. ಬೆಚ್ಚಗೆ ಅನ್ನಿಸಿದರೆ 40ರ ಹತ್ತಿರ, ಬೆರಳಿಗೆ ಚುರುಕ್ ಎಂದರೆ 50 ಆಗಿದೆ. ಅಡುಗೆಮನೆಯ ಥರ್ಮಾಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಮೈಕ್ರೋವೇವ್ ಬೇಡ. ಮೇಲೆ ಸುಡುತ್ತದೆ, ಕೆಳಗೆ ತಣ್ಣಗಿರುತ್ತದೆ.

ಮೀನಿನ ಜೊತೆ ಸಾಕೆ ಯಾಕೆ ಅಷ್ಟು ಚೆನ್ನಾಗಿ ಹೋಗುತ್ತದೆ ಎಂಬುದಕ್ಕೆ ಒಂದು ಒಳ್ಳೆಯ ಕಾರಣ ಇದೆ. ಜಪಾನಿನ ಒಂದು ವೈನ್ ಕಂಪನಿಯ ಸಂಶೋಧಕರು 2009ರಲ್ಲಿ ತೋರಿಸಿದ್ದು ಇದು: ಕೆಲವು ವೈನ್‌ಗಳ ಜೊತೆ ಮೀನು ತಿಂದಾಗ ಬರುವ ನೀಸು ವಾಸನೆಗೆ ವೈನಿನಲ್ಲಿರುವ ಕಬ್ಬಿಣವೇ ಮುಖ್ಯ ಕಾರಣ. ಸಾಕೆಯಲ್ಲಿ ಕಬ್ಬಿಣ ಇಲ್ಲವೆನ್ನುವಷ್ಟು ಕಡಿಮೆ. ಕಬ್ಬಿಣ ಇದ್ದರೆ ಸಾಕೆಯ ಬಣ್ಣ, ವಾಸನೆ ಎರಡೂ ಕೆಡುತ್ತವೆ. ಅದಕ್ಕೆ ಲೀಟರಿಗೆ 0.02 ಮಿಲಿಗ್ರಾಂ ಮೀರದ ನೀರನ್ನೇ ಹುಡುಕುತ್ತಾರೆ. ಆ ನೀರು ನಿಮ್ಮ ಮನೆಯ ಪಕ್ಕದಲ್ಲೇ ಇದೆ. ಕೋಬೆಯಿಂದ ನಿಶಿನೊಮಿಯಾ ತನಕ ಹಬ್ಬಿರುವ ನಾದಾ ಪ್ರದೇಶ ಸಾಕೆಯ ದೊಡ್ಡ ತವರು. 1840ರಲ್ಲಿ ಯಾಮಾಮುರಾ ತಾಜಾಎಮೋನ್ ಎಂಬ ಸಾಕೆ ತಯಾರಕ ನಿಶಿನೊಮಿಯಾದ ಬಾವಿ ನೀರಿನ ಗುಣ ಕಂಡುಕೊಂಡ. ಅದಕ್ಕೆ ಮಿಯಾಮಿಜು ಎಂಬ ಹೆಸರು. ಕಬ್ಬಿಣ ಕಡಿಮೆ, ಆದರೆ ಗಡಸು ನೀರು. ಯೀಸ್ಟ್ ಜೋರಾಗಿ ಕೆಲಸ ಮಾಡುತ್ತದೆ, ಸಾಕೆ ಖಡಕ್ಕಾಗಿ ಬರುತ್ತದೆ. ಕ್ಯೋಟೊದ ಫುಶಿಮಿಯಲ್ಲಿ ನೀರು ಅದಕ್ಕಿಂತ ಮೃದು, ಸಾಕೆಯೂ ಹಾಗೇ. ನಾದಾದ್ದು ಗಂಡು ಸಾಕೆ, ಫುಶಿಮಿಯದ್ದು ಹೆಣ್ಣು ಸಾಕೆ ಎಂಬ ಹಳೆಯ ಮಾತಿದೆ. ಒಂದು ಶನಿವಾರ ಬಿಡುವು ಮಾಡಿಕೊಂಡು ನಾದಾದ ಸಾಕೆ ಮ್ಯೂಸಿಯಂಗಳನ್ನು ನೋಡಿ ಬನ್ನಿ. ನಿಮಗೆ ಬೇಕಾದ ಜುನ್ಮಾಯ್ ಅಲ್ಲೇ ಸಿಗುತ್ತದೆ.

ಎರಡು ಬಾಟಲಿಯ ಮೇಲೆ ಮೂರನೆಯದನ್ನು ಕೊಳ್ಳುವುದಾದರೆ ನನ್ನ ಆಯ್ಕೆ ಕಿಮೊತೊ ಅಥವಾ ಯಾಮಾಹಾಯ್. ಇವು ಹುದುಗು ಎಬ್ಬಿಸುವ ಹಳೆಯ ಬಗೆಗಳು. ಗಾಳಿಯಲ್ಲಿ, ಗೋಡೆಯಲ್ಲಿ ಇರುವ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ತಾವಾಗಿ ಬೆಳೆದು ಹುಳಿ ತರುವ ತನಕ ಕಾಯುತ್ತಾರೆ. ಸುಮಾರು ಒಂದು ತಿಂಗಳು ಹಿಡಿಯುತ್ತದೆ. ಈಗಿನ ಬಗೆಯಲ್ಲಿ ಲ್ಯಾಕ್ಟಿಕ್ ಆಮ್ಲವನ್ನೇ ನೇರವಾಗಿ ಸೇರಿಸಿ ಎರಡು ವಾರದಲ್ಲಿ ಮುಗಿಸುತ್ತಾರೆ. ಇಡ್ಲಿ ಹಿಟ್ಟು ಹುಳಿ ಬರುವುದನ್ನು ಕಾದವರಿಗೆ ಈ ತಾಳ್ಮೆ ಅರ್ಥವಾಗುತ್ತದೆ ಅಲ್ವಾ? ರುಚಿಯಲ್ಲಿ ಸ್ವಲ್ಪ ಮೊಸರಿನ ನೆನಪು ಬರುತ್ತದೆ, ಕೊಕು ಚೆನ್ನಾಗಿರುತ್ತದೆ. ಫುಕುಶಿಮಾದ ದಾಯ್‌ಶಿಚಿ ಕಿಮೊತೊಗೆ, ಇಶಿಕಾವಾದ ತೆಂಗುಮಾಯ್ ಯಾಮಾಹಾಯ್‌ಗೆ ಹೆಸರಾದವು. ಬೆಣ್ಣೆ, ಚೀಸ್, ಅಣಬೆ, ಹುರಿದ ಪನೀರ್ ಜೊತೆ ಬೆಚ್ಚಗೆ ಮಾಡಿ ಕೊಡಿ.

ಸಸ್ಯಾಹಾರದ ಅಡುಗೆಗೆ ಸಾಕೆ ಹೊಂದುವುದಿಲ್ಲ ಎಂಬ ಭಯ ಬೇಡ. ಉಮಾಮಿಯನ್ನು ಇಕೆದಾ ಕಿಕುನಾಎ 1908ರಲ್ಲಿ ಗುರುತಿಸಿದ್ದೇ ಕೊಂಬು ಎಂಬ ಕಡಲ ಪಾಚಿಯ ಸಾರಿನಲ್ಲಿ. ಆದರೆ ಒಂದು ಎಚ್ಚರ. ಹೋಟೆಲುಗಳ ದಾಶಿಯಲ್ಲಿ (ಜಪಾನಿ ಅಡುಗೆಗೆ ಬುಡವಾದ ತಿಳಿ ಸಾರು), ಅಂಗಡಿಯ ದಾಶಿ ಪುಡಿಯಲ್ಲಿ ಒಣಮೀನು ಇದ್ದೇ ಇರುತ್ತದೆ ಎಂದುಕೊಳ್ಳಿ. ಮನೆಯಲ್ಲಿ ಕೊಂಬು ಮತ್ತು ಒಣ ಶೀತಾಕೆ ಅಣಬೆಯನ್ನು ರಾತ್ರಿ ತಣ್ಣೀರಲ್ಲಿ ನೆನೆಹಾಕಿ. ಬೆಳಗ್ಗೆ ಒಳ್ಳೆಯ ದಾಶಿ ಸಿದ್ಧ. ಕೊಂಬುವಿನ ಗ್ಲುಟಮೇಟ್ ಮತ್ತು ಅಣಬೆಯ ಗ್ವಾನಿಲೇಟ್ ಒಂದಾದರೆ ರುಚಿ ಕೂಡುವುದಲ್ಲ, ಗುಣಿಸುತ್ತದೆ. ಅದರಲ್ಲಿ ಬೇಯಿಸಿದ ಮೂಲಂಗಿ, ಅದರಲ್ಲಿ ಇಳಿಸಿದ ಕರಿದ ತೋಫು, ಜೊತೆಗೆ 45 ಡಿಗ್ರಿಯ ಜುನ್ಮಾಯ್. ಚಳಿಯ ಸಂಜೆಗೆ ಇದಕ್ಕಿಂತ ಒಳ್ಳೆಯ ಜೋಡಿ ನನಗೆ ಗೊತ್ತಿಲ್ಲ.

ನಿಮ್ಮ ಅತಿಥಿಗಳು ನಿಮ್ಮ ಮನೆಯ ಅಡುಗೆಯನ್ನೂ ಕೇಳುತ್ತಾರೆ, ಅದು ಖಂಡಿತ. ಖಾರ ಮತ್ತು ಮದ್ಯ ಸೇರಿದರೆ ಉರಿ ಹೆಚ್ಚುತ್ತದೆ. ಹುಣಸೆಹುಳಿ ಜಾಸ್ತಿ ಇರುವ ಸಾರು, ಗೊಜ್ಜು ಸಾಕೆಗೆ ಬೇಡ. ವೈನ್‌ಗೆ ಹೋಲಿಸಿದರೆ ಸಾಕೆಯಲ್ಲಿ ಹುಳಿ ತುಂಬ ಕಡಿಮೆ, ಹುಣಸೆಯ ಮುಂದೆ ಅದು ಸಪ್ಪೆಯಾಗಿಬಿಡುತ್ತದೆ. ಈರುಳ್ಳಿ ಪಕೋಡ, ಆಲೂಗಡ್ಡೆ ಬೋಂಡ ಮಾಡಿ, ಚಟ್ನಿ ಬದಲು ಬರೀ ಉಪ್ಪು ಇಡಿ. ತಂಪು ಜುನ್ಮಾಯ್ ಜೊತೆ, ಹಿಟ್ಟಿನಲ್ಲಿ ಅದ್ದಿ ಕರಿದ ಜಪಾನಿನ ತೆಂಪುರಾದಷ್ಟೇ ಚೆನ್ನಾಗಿ ಹೋಗುತ್ತದೆ. ತೆಂಗಿನಕಾಯಿ ಹಾಲಿನ ಸಾಗು ಮಾಡುವುದಾದರೆ ನಿಗೊರಿ ತನ್ನಿ. ಅದು ಅಕ್ಕಿಯ ಗಷ್ಟು ಉಳಿಸಿಕೊಂಡ ಮಬ್ಬು ಬಿಳಿ ಸಾಕೆ, ಸ್ವಲ್ಪ ಸಿಹಿ. ಖಾರವನ್ನೂ ಒಂದಿಷ್ಟು ತಡೆಯುತ್ತದೆ.

ಊಟದ ಕ್ರಮ ಹೀಗಿರಲಿ. ಬಂದ ಕೂಡಲೇ ನಿಮ್ಮ ದಾಯ್ಗಿಂಜೊ, ವೈನ್ ಗ್ಲಾಸಿನಲ್ಲಿ, 10-12 ಡಿಗ್ರಿ. ಜೊತೆಗೆ ಎದಮಾಮೆ (ಬೇಯಿಸಿದ ಎಳೆ ಸೋಯಾ ಕಾಯಿ), ಉಪ್ಪು ಮತ್ತು ನಿಂಬೆ ಹಿಂಡಿದ ತೋಫು. ಅತಿಥಿಗಳಿಗೆ ಸಾಶಿಮಿ (ಹಸಿ ಮೀನಿನ ಹೋಳು) ತರಿಸುವುದಾದರೆ ತಾಯ್‌ನಂಥ ಬಿಳಿ ಮೀನು, ಅದಕ್ಕೂ ಸೋಯಾ ಸಾಸ್ ಬದಲು ಉಪ್ಪು. ಆಮೇಲೆ ಪಕೋಡ, ತಂಪು ಜುನ್ಮಾಯ್. ಆಮೇಲೆ ಅದೇ ಬಾಟಲಿಯನ್ನು ಕಾಯಿಸಿ, ಮಿಸೊ ಬದನೆಕಾಯಿ ಮತ್ತು ಮೂಲಂಗಿಯ ಜೊತೆ. ಬಾಟಲಿ ಬದಲಾಗದೆ ರುಚಿ ಬದಲಾದದ್ದು ನೋಡಿ ನಿಮ್ಮ ಅತಿಥಿಗಳೂ ಖುಷಿಪಡುತ್ತಾರೆ. ಪ್ರತಿಯೊಬ್ಬರ ಪಕ್ಕದಲ್ಲೂ ಒಂದು ಲೋಟ ನೀರು ಇಡಿ. ಅದಕ್ಕೆ ಯವಾರಾಗಿ ಮಿಜು ಎನ್ನುತ್ತಾರೆ, ಸಾಕೆಯಷ್ಟೇ ನೀರೂ ಕುಡಿಯಬೇಕು. ತಮ್ಮ ಬಟ್ಟಲಿಗೆ ತಾವೇ ಹಾಕಿಕೊಳ್ಳುವ ರೂಢಿ ಅಲ್ಲಿಲ್ಲ, ಪಕ್ಕದವರಿಗೆ ನೀವು ಹಾಕಿ. ಅನ್ನ, ಮಿಸೊ ಸೂಪ್, ಉಪ್ಪಿನಕಾಯಿ ಬಂದಾಗ ಸಾಕೆ ನಿಲ್ಲಿಸುವುದು ಹಳೆಯ ಪದ್ಧತಿ. ಅಕ್ಕಿಯ ಮದ್ಯ ಮುಗಿದ ಮೇಲೆ ಅಕ್ಕಿಯ ಊಟ. ಇದು ನನಗೆ ತುಂಬ ಇಷ್ಟವಾದ ಪದ್ಧತಿ.

ಕೊನೆಗೆ ಸಿಹಿ ಬೇಕಿದ್ದರೆ ಕಿಜೋಶು ಎಂಬುದು ಇದೆ. ನೀರಿನ ಒಂದು ಪಾಲಿನ ಬದಲು ಸಾಕೆಯನ್ನೇ ಹಾಕಿ ಮಾಡಿದ ಗಟ್ಟಿ ಸಿಹಿ ಸಾಕೆ. ಒಂದು ಚಮಚ ವೆನಿಲಾ ಐಸ್‌ಕ್ರೀಂ ಮೇಲೆ ಸುರಿದು ಕೊಡಿ.

ಬಾಟಲಿಯನ್ನು ಇಡುವ ಬಗ್ಗೆ ನೀವು ಕೇಳಿಲ್ಲ. ಆದರೆ ನಿಮ್ಮ ದಾಯ್ಗಿಂಜೊ ಒಂದು ತಿಂಗಳು ಎಲ್ಲಿರುತ್ತದೆ? ಕಪಾಟಿನಲ್ಲಿದ್ದರೆ ಇವತ್ತೇ ಫ್ರಿಜ್ಜಿಗೆ ಸೇರಿಸಿ, ನೆಟ್ಟಗೆ ನಿಲ್ಲಿಸಿ, ಬೆಳಕು ತಾಗದ ಹಾಗೆ ಪೇಪರ್ ಸುತ್ತಿಡಿ. ಬೆಳಕು ಸಾಕೆಗೆ ಆಗದು, ಕಂದು ಮತ್ತು ಹಸಿರು ಬಾಟಲಿ ಬಳಸುವುದು ಅದಕ್ಕೇ. ಲೇಬಲ್ ಮೇಲೆ ನಾಮಾ ಎಂದಿದ್ದರೆ ಅದನ್ನು ಕಾಯಿಸಿ ಕೀಟಾಣು ಕೊಂದಿಲ್ಲ ಎಂದರ್ಥ, ಅದನ್ನಂತೂ ಹೊರಗಿಡಲೇಬಾರದು. ನನ್ನ ಮೊದಲ ವರ್ಷದಲ್ಲಿ ಒಂದು ಒಳ್ಳೆಯ ನಾಮಾ ಬಾಟಲಿಯನ್ನು ಬೇಸಿಗೆಯಲ್ಲಿ ಅಡುಗೆಮನೆಯಲ್ಲೇ ಬಿಟ್ಟಿದ್ದೆ. ತೆರೆದಾಗ ಹಳೆಯ ಮೂಲಂಗಿ ಉಪ್ಪಿನಕಾಯಿಯ ವಾಸನೆ ಬಂತು. ಆ ಬೇಸರ ಇನ್ನೂ ನೆನಪಿದೆ. ತೆರೆದ ಮೇಲೆ ದಾಯ್ಗಿಂಜೊವನ್ನು ಒಂದು ವಾರದೊಳಗೆ ಮುಗಿಸಿ. ಜುನ್ಮಾಯ್ ಎರಡು ಮೂರು ವಾರ ತಡೆಯುತ್ತದೆ, ಕಾಯಿಸಿ ಕುಡಿಯುವುದಾದರೆ ಇನ್ನೂ ಸ್ವಲ್ಪ ದಿನ. ಆಮೇಲೂ ಉಳಿದರೆ ಚೆಲ್ಲಬೇಡಿ. ಮೂಲಂಗಿ ಬೇಯಿಸುವಾಗ, ಅಣಬೆ ಹುರಿಯುವಾಗ ಎರಡು ಚಮಚ ಹಾಕಿ.